‘ಔಷಧಿ’ ಎಂಬ ಹೆಸರಿನ ವಿಷ: ರೈತ ಕುಟುಂಬಕ್ಕೆ ಎಚ್ಚರಿಕೆಯ ಪಾಠವಷ್ಟೇ ಸಾಕೇ?

ಮುಂಗಾರು ಬಿತ್ತನೆ ಮುಗಿದು ಬೆಳೆಗೆ ಕೀಟಬಾಧೆ ತಗಲುವ ದಿನಗಳು ಸಮೀಪಿಸುತ್ತಿದ್ದಂತೆ ಕೃಷಿ ಇಲಾಖೆಯ ಸಲಹಾ ಪ್ರಕಟಣೆಗಳು ಹೊರಬೀಳುವುದು ಪ್ರತಿವರ್ಷದ ವಾಡಿಕೆ. ಕೈಗವಸು ತೊಡಿ, ಮುಖಗವಸು ಹಾಕಿಕೊಳ್ಳಿ, ಗಾಳಿಗೆ ಎದುರಾಗಿ ಸಿಂಪಡಿಸಬೇಡಿ, ಸಿಂಪಡಣೆಯ ವೇಳೆ ಬೀಡಿ ಸೇದಬೇಡಿ, ಖಾಲಿ ಡಬ್ಬಿಗಳನ್ನು ಮನೆಬಳಕೆಗೆ ಇಟ್ಟುಕೊಳ್ಳಬೇಡಿ. ಈ ಸೂಚನೆಗಳಲ್ಲಿ ಒಂದೂ ತಪ್ಪಲ್ಲ. ಆದರೆ ಇವೇ ಸೂಚನೆಗಳನ್ನು ದಶಕಗಳಿಂದ ಪುನರುಚ್ಚರಿಸುತ್ತ ಬಂದಿದ್ದರೂ ಸಿಂಪಡಣೆಯ ಹಂಗಾಮಿನಲ್ಲಿ ರೈತರು, ಕೂಲಿಕಾರರು ಆಸ್ಪತ್ರೆ ಸೇರುವುದು ನಿಂತಿಲ್ಲ.

ಹಾಗಿದ್ದರೆ ದೋಷ ಎಲ್ಲಿದೆ? ರೈತನ ಅಜಾಗರೂಕತೆಯೇ ಕಾರಣ ಎಂಬುದು ಆಡಳಿತ ಮತ್ತು ಉದ್ಯಮ ಎರಡೂ ಸುಲಭವಾಗಿ ನೀಡುವ ಉತ್ತರ. ಆದರೆ ಕಳೆದ ಕೆಲವು ದಶಕಗಳ ಅನುಭವ ಬೇರೆಯದನ್ನೇ ಹೇಳುತ್ತದೆ. ಕೇವಲ ಎಚ್ಚರಿಕೆ ಹೇಳಿದ ಕಡೆ ಹಾನಿ ಮುಂದುವರಿದಿದೆ; ಅತ್ಯಂತ ಅಪಾಯಕಾರಿ ವಿಷಗಳನ್ನೇ ಮಾರುಕಟ್ಟೆಯಿಂದ ಹಿಂದೆಗೆದುಕೊಂಡ ಕಡೆ ಹಾನಿ ಇಳಿದಿದೆ. ರೈತ ಕುಟುಂಬಗಳ ಆರೋಗ್ಯದ ಚರ್ಚೆ ಈ ಅಂಶದಿಂದಲೇ ಆರಂಭವಾಗಬೇಕಿದೆ.

ಯವತ್ಮಾಳ ಕಲಿಸಿದ್ದೇನು?

2017ರ ಜುಲೈನಿಂದ ಆರಂಭವಾಗಿ ಕೆಲವೇ ತಿಂಗಳುಗಳಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಗಳಿಗೆ ಕೀಟನಾಶಕ ಸಿಂಪಡಿಸಿದ 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ನೂರಾರು ಮಂದಿ ಆಸ್ಪತ್ರೆಗೆ ದಾಖಲಾದರು. ಕಣ್ಣು ಮಂಜಾಗುವುದು, ವಾಂತಿ, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಸಾಮಾನ್ಯ ಲಕ್ಷಣಗಳಾಗಿದ್ದವು. ಇವರಲ್ಲಿ ಹಲವರು ಹೊಲದ ಒಡೆಯರಲ್ಲ. ದಿನಗೂಲಿಗಾಗಿ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಪಂಪು ಹೊತ್ತು ಹೋಗುತ್ತಿದ್ದ ಕೂಲಿಕಾರರು.

ಆ ವರ್ಷ ಹತ್ತಿ ಗಿಡಗಳು ಎಂದಿಗಿಂತ ಎತ್ತರಕ್ಕೆ ಬೆಳೆದಿದ್ದವು. ಹೀಗಾಗಿ ಸಿಂಪಡಿಸುವವನು ನಾಝಲನ್ನು ಎದೆಯ ಮಟ್ಟಕ್ಕೆ, ಕೆಲವೊಮ್ಮೆ ತಲೆಯ ಮಟ್ಟಕ್ಕೆ ಎತ್ತಬೇಕಾಯಿತು. ದ್ರಾವಣದ ಹನಿಗಳು ಅವನ ಮೈಮೇಲೆಯೇ ಇಳಿದವು. ಬಿಟಿ ಹತ್ತಿಯ ವಿಷಕ್ಕೆ ಗುಲಾಬಿ ಕಾಯಿಕೊರಕ ಹುಳು ಒಗ್ಗಿಹೋಗಿದ್ದರಿಂದ ಸಿಂಪಡಣೆಯ ಸುತ್ತುಗಳು ಹೆಚ್ಚಿದವು. ಎರಡು ಮೂರು ಕೀಟನಾಶಕಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಿ ಹೊಡೆಯುವ ರೂಢಿಯೂ ಬೆಳೆದಿತ್ತು. ಸೂಕ್ಷ್ಮ ಹನಿಗಳನ್ನು ವೇಗವಾಗಿ ಹರಡುವ ಬ್ಯಾಟರಿ ಚಾಲಿತ ಪಂಪುಗಳು ಬಂದಿದ್ದವು. ಜೊತೆಗೆ ಸೆಕೆಯ ಹವೆ.

ದುರಂತದ ಬಳಿಕ ರಾಜ್ಯ ಸರಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಕೆಲವು ಕೀಟನಾಶಕಗಳ ಮಾರಾಟವನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಆದರೆ ಅದರೊಂದಿಗೇ ರೈತರು ಹಾಗೂ ಕೂಲಿಕಾರರು ರಕ್ಷಣಾ ಉಡುಪು ಧರಿಸಿರಲಿಲ್ಲ ಎಂಬ ವಾದವೂ ಬಲವಾಗಿ ಕೇಳಿಬಂತು. ಸೆಕೆಯ ನಡುವೆ, ನೀರು ತುಂಬಿದ ಪಂಪನ್ನು ಬೆನ್ನಿಗೆ ಹೊತ್ತು, ರಬ್ಬರ್ ಕೈಗವಸು, ಮುಚ್ಚಿದ ಕನ್ನಡಕ, ಮೈತುಂಬ ಪ್ಲಾಸ್ಟಿಕ್ ಕೋಟು ತೊಟ್ಟು ಇಡೀ ದಿನ ಕೆಲಸ ಮಾಡಲು ಸಾಧ್ಯವೇ ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿರಲಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಜಂಟಿಯಾಗಿ ಒಪ್ಪಿರುವ ಕೀಟನಾಶಕ ನಿರ್ವಹಣೆಯ ಅಂತಾರಾಷ್ಟ್ರೀಯ ನೀತಿ ಸಂಹಿತೆ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡಿದೆ. ಬಳಕೆಗೆ ಅಗತ್ಯವಾದ ರಕ್ಷಣಾ ಸಾಧನ ಧರಿಸಲು ಕಷ್ಟವಾಗಿದ್ದರೆ, ದುಬಾರಿಯಾಗಿದ್ದರೆ ಅಥವಾ ಸುಲಭವಾಗಿ ದೊರೆಯದಿದ್ದರೆ ಅಂತಹ ಕೀಟನಾಶಕವನ್ನೇ ಬಳಸದಿರಬೇಕು. ಉಷ್ಣ ಹವೆಯ ಪ್ರದೇಶಗಳ ಸಣ್ಣ ರೈತರು ಮತ್ತು ಕೃಷಿ ಕಾರ್ಮಿಕರ ವಿಷಯದಲ್ಲಿ ಇದು ಇನ್ನೂ ಮುಖ್ಯ ಎಂಬುದು ಅದರ ಆಶಯ. ಅಂದರೆ, ಉಡುಪು ತೊಡದ ರೈತ ತಪ್ಪಿತಸ್ಥನಲ್ಲ. ಉಡುಪಿಲ್ಲದೆ ಬಳಸಲಾಗದ ವಿಷವನ್ನು ಅವನ ಕೈಗಿತ್ತ ವ್ಯವಸ್ಥೆ ಉತ್ತರದಾಯಿ.

ಹೊಲದಿಂದ ಮನೆಯೊಳಕ್ಕೆ

ಕೀಟನಾಶಕದ ಅಪಾಯ ಪಂಪು ಹೊತ್ತವನೊಬ್ಬನಿಗೆ ಸೀಮಿತವೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ಇಡೀ ಕುಟುಂಬಕ್ಕೆ ಸಂಬಂಧಿಸಿದ್ದು.

ಮೊನೊಕ್ರೊಟೊಫಾಸ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಮೊದಲಾದವು ಆರ್ಗನೊಫಾಸ್ಫೇಟ್ ಗುಂಪಿಗೆ ಸೇರಿದವು. ನರಗಳ ಸಂದೇಶವಾಹಕ ರಾಸಾಯನಿಕವನ್ನು ಕೆಲಸ ಮುಗಿದೊಡನೆ ಒಡೆದುಹಾಕುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಇವು ನಿಷ್ಕ್ರಿಯಗೊಳಿಸುತ್ತವೆ. ಹುಳು ಸಾಯುವುದು ಇದೇ ಕಾರಣಕ್ಕೆ. ಮನುಷ್ಯನ ನರಮಂಡಲವೂ ಇದೇ ಕಿಣ್ವವನ್ನು ಅವಲಂಬಿಸಿದೆ. ಕಿಣ್ವ ಕುಗ್ಗಿದಾಗ ಬೆವರು, ಜೊಲ್ಲು, ಕಣ್ಣೀರು ಹೆಚ್ಚುತ್ತವೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಸ್ನಾಯುಗಳು ಅದುರುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಮೊದಲ ಚಿಕಿತ್ಸೆಯಿಂದ ಚೇತರಿಸಿಕೊಂಡಂತೆ ಕಂಡ ರೋಗಿಗೆ ಒಂದರಿಂದ ನಾಲ್ಕು ದಿನಗಳ ಅವಧಿಯಲ್ಲಿ ಮತ್ತೆ ಉಸಿರಾಟ ಕುಸಿಯುವ ಸಾಧ್ಯತೆ ಇರುವುದರಿಂದ ಬೇಗನೆ ಮನೆಗೆ ಕಳುಹಿಸುವುದೂ ಅಪಾಯಕಾರಿ.

ಈ ವಿಷ ಬಾಯಿಯಿಂದಷ್ಟೇ ಒಳಸೇರುವುದಿಲ್ಲ. ಚರ್ಮವೇ ಅದರ ಹೆದ್ದಾರಿ. ಬೆವರಿನಿಂದ ಒದ್ದೆಯಾದ ಬಿಸಿ ಚರ್ಮ ಅದನ್ನು ಇನ್ನೂ ಬೇಗ ಹೀರಿಕೊಳ್ಳುತ್ತದೆ. ಸೋರುವ ಪಂಪು ಬೆನ್ನಿನ ಅಂಗಿಯನ್ನು ನೆನೆಸಿದರೆ ಆ ಅಂಗಿ ಕಳಚುವ ತನಕವೂ ವಿಷ ದೇಹಕ್ಕೆ ಇಳಿಯುತ್ತಲೇ ಇರುತ್ತದೆ. ಸಂಜೆ ಆ ಅಂಗಿ ಮನೆಗೆ ಬರುತ್ತದೆ. ಅದನ್ನು ಒಗೆಯುವವರು ಮನೆಯ ಹೆಣ್ಣುಮಕ್ಕಳು. ಬಹುಪಾಲು ಬರಿಗೈಯಲ್ಲಿ, ಉಳಿದ ಬಟ್ಟೆಗಳ ಜೊತೆಗೇ. ದ್ರಾವಣ ಬೆರೆಸಲು ನೀರು ಹೊತ್ತು ತರುವವರು, ಸಿಂಪಡಿಸಿದ ಮರುದಿನವೇ ಕಳೆ ಕೀಳಲು, ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು ಹೊಲಕ್ಕಿಳಿಯುವವರೂ ಅವರೇ. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ಈ ಕೆಲಸಗಳಿಂದ ದೂರವಿರಬೇಕೆಂಬ ಎಚ್ಚರಿಕೆ ಕೂಲಿಯೇ ಜೀವನಾಧಾರವಾದ ಮನೆಗಳಲ್ಲಿ ಪಾಲನೆಯಾಗುವುದು ಅಪರೂಪ. ಕೀಟನಾಶಕ ಪಂಪು ಹಿಡಿಯದ ಕಾರಣ ಇವರಾರೂ ‘ಬಳಕೆದಾರ’ರ ಲೆಕ್ಕಕ್ಕೆ ಬರುವುದಿಲ್ಲ, ತರಬೇತಿ ಶಿಬಿರಗಳಿಗೂ ಆಹ್ವಾನ ಇವರಿಗಿಲ್ಲ.

ಸಣ್ಣ ಹಿಡುವಳಿದಾರನ ಮನೆಯಲ್ಲಿ ವಿಷ ಇಡಲು ಪ್ರತ್ಯೇಕ ಉಗ್ರಾಣವಿರುವುದಿಲ್ಲ. ಹಂಗಾಮಿನಲ್ಲಿ ಉಳಿದ ಅರ್ಧ ಬಾಟಲಿ ಅಟ್ಟದ ಮೇಲೋ ಮಾಡಿನ ಸಂದಿಯಲ್ಲೋ ಮಂಚದ ಕೆಳಗೋ ಉಳಿಯುತ್ತದೆ. ಮಕ್ಕಳ ಕೈಗೂ ಅದು ಎಟಕುತ್ತದೆ. ಸಾಲ, ಜಗಳ, ಅವಮಾನಗಳ ಒಂದು ದುರ್ಬಲ ಗಳಿಗೆಯಲ್ಲಿ ದೊಡ್ಡವರ ಕೈಗೂ ಎಟಕುತ್ತದೆ. ಖಾಲಿ ಕ್ಯಾನುಗಳ ಕಥೆಯೂ ಇದೇ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಸೇವಿಸಿದ 23 ಮಕ್ಕಳು ಮೃತಪಟ್ಟದ್ದು ಅಡುಗೆಯಲ್ಲಿ ಮೊನೊಕ್ರೊಟೊಫಾಸ್ ಬೆರೆತಿದ್ದರಿಂದ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮ ದೇವಸ್ಥಾನದಲ್ಲಿ ವಿಷ ಬೆರೆತ ಪ್ರಸಾದ ಸೇವಿಸಿ 17 ಮಂದಿ ಅಸುನೀಗಿದರು. ಅಲ್ಲಿ ವಿಷ ಆಕಸ್ಮಿಕವಾಗಿ ಬೆರೆತದ್ದಲ್ಲ; ಬೆರೆಸಿದ್ದು. ಆದರೂ ಅಷ್ಟು ಜೀವಗಳನ್ನು ಬಲಿ ತೆಗೆದುಕೊಳ್ಳಬಲ್ಲ ವಸ್ತು ಕೃಷಿ ಸಾಮಗ್ರಿಯಾಗಿ ಸಲೀಸಾಗಿ ದೊರೆಯುತ್ತಿತ್ತು ಎಂಬ ಅಂಶ ಮರೆಯುವಂತಹದ್ದಲ್ಲ.

ಭಾಷೆಯೂ ಇಲ್ಲಿ ಅಪಾಯವನ್ನು ಮರೆಮಾಚಿದೆ. ಹಳೆ ಮೈಸೂರು ಭಾಗದಲ್ಲಿ ‘ಔಷಧಿ ಹೊಡೆಯುವುದು’, ಉತ್ತರ ಕರ್ನಾಟಕದಲ್ಲಿ ‘ಎಣ್ಣೆ ಹೊಡೆಯುವುದು’, ಕರಾವಳಿ ಮತ್ತು ಮಲೆನಾಡಿನಲ್ಲಿ ‘ಮದ್ದು ಬಿಡುವುದು’. ಕೀಟನಾಶಕವನ್ನು ವಿಷವೆಂದು ಕರೆಯುವ ರೂಢಿ ಹೊಲದಲ್ಲಿಲ್ಲ. ಔಷಧಿ ಎಂದ ಮೇಲೆ ಪ್ರಮಾಣ ಹೆಚ್ಚಾದರೆ ಗುಣವೂ ಹೆಚ್ಚು ಎಂಬ ನಂಬಿಕೆ ಬರುವುದು ಸಹಜ. ಮಡಿಸಿದ ಕಾಗದದಲ್ಲಿ ಹಲವು ಭಾಷೆಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಸೂಚನೆಗಿಂತ ಬೀಜ-ಗೊಬ್ಬರದ ಅಂಗಡಿಯವರ ಮಾತೇ ರೈತನಿಗೆ ಆಧಾರ. ಸಲಹೆ ನೀಡುವವನೂ ಮಾರುವವನೂ ಒಬ್ಬನೇ ಆದಾಗ ಸಲಹೆ ಯಾವ ಕಡೆ ವಾಲುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಎಂಡೋಸಲ್ಫಾನ್: ನಿಧಾನಗತಿಯ ದುರಂತ

ಯವತ್ಮಾಳದ ಸಾವುಗಳು ಕಣ್ಣಿಗೆ ಬಿದ್ದವು. ಆದರೆ ವರ್ಷಗಟ್ಟಲೆ ಅಲ್ಪ ಪ್ರಮಾಣದಲ್ಲಿ ದೇಹ ಸೇರುವ ವಿಷದ ಪರಿಣಾಮ ಹೀಗೆ ಕಾಣುವುದಿಲ್ಲ. ಇದಕ್ಕೆ ಕನ್ನಡಿಗರ ಮನೆಯಂಗಳದ್ದೇ ಉದಾಹರಣೆಯಿದೆ.

ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಶನ್ ನಿಗಮದ ಗೇರುತೋಟಗಳಿಗೆ 1970ರ ದಶಕದ ಅಂತ್ಯದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಮುತ್ತಲೂ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಇದೇ ಕ್ರಮ ಅನುಸರಿಸಲಾಯಿತು. ತೋಟಗಳ ನಡುವೆ ಮನೆಗಳು, ಬಾವಿಗಳು, ಸುರಂಗಗಳು, ತೊರೆಗಳು, ಶಾಲೆಗಳಿದ್ದವು. ಆಕಾಶದಿಂದ ಬಿದ್ದ ವಿಷಕ್ಕೆ ಗೇರುಮರ ಯಾವುದು, ಕುಡಿಯುವ ನೀರು ಯಾವುದು ಎಂಬ ಭೇದವಿರಲಿಲ್ಲ.

ಪತ್ರಕರ್ತ ಶ್ರೀಪಡ್ರೆಯವರು ಈ ಸಿಂಪಡಣೆಯ ದುಷ್ಪರಿಣಾಮಗಳ ಬಗ್ಗೆ ಮೊದಲ ವರ್ಷಗಳಲ್ಲೇ ಬರೆದು ಎಚ್ಚರಿಸಿದ್ದರು. ಎಣ್ಮಕಜೆಯ ಪಡ್ರೆ ಭಾಗದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರಸಂಬಂಧಿ ತೊಂದರೆ, ಅಂಗವೈಕಲ್ಯ, ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿ ವೈದ್ಯಲೋಕದ ಗಮನ ಸೆಳೆದರು. ಕೇರಳ ಕೃಷಿ ಇಲಾಖೆಯ ಉದ್ಯೋಗಿಯೇ ಆಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೊರೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಪಡ್ರೆಯ ಮಕ್ಕಳನ್ನು ಅಧ್ಯಯನ ಮಾಡಿ, ಹೋಲಿಕೆಗೆ ಆಯ್ದುಕೊಂಡ ಪ್ರದೇಶಕ್ಕಿಂತ ಇಲ್ಲಿ ಹುಟ್ಟಿನ ವೈಕಲ್ಯ ಹಾಗೂ ಬುದ್ಧಿಬೆಳವಣಿಗೆಯ ತೊಂದರೆಗಳು ಹೆಚ್ಚಿವೆ ಎಂದು ವರದಿ ನೀಡಿತು. ಆದರೆ ಬಳಿಕ ಕೇಂದ್ರದ ಮಟ್ಟದ ಸಮಿತಿ ಈ ನಂಟನ್ನು ಒಪ್ಪಲಿಲ್ಲ. ವಾದ ಪ್ರತಿವಾದಗಳಲ್ಲೇ ಒಂದು ದಶಕ ಕಳೆಯಿತು.

2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಎಂಡೋಸಲ್ಫಾನ್ ಮಾರಾಟವನ್ನು ತಡೆಹಿಡಿಯಿತು. ಅದೇ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಅದನ್ನು ಜಗತ್ತಿನಾದ್ಯಂತ ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶವ್ಯಾಪಿ ತಡೆ ವಿಧಿಸಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಪರಿಹಾರವನ್ನು 3 ತಿಂಗಳಲ್ಲಿ ನೀಡುವಂತೆ ಆದೇಶಿಸಿತು. ಸಿಂಪಡಣೆ ಆರಂಭವಾದಾಗ ಹುಟ್ಟಿದ ಮಗು ಆ ವೇಳೆಗೆ 40ರ ಅಂಚಿಗೆ ತಲುಪಿತ್ತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಎಂಡೋಸಲ್ಫಾನ್ ‘ಮಧ್ಯಮ ಅಪಾಯ’ದ ಎರಡನೇ ದರ್ಜೆಯಲ್ಲಿತ್ತು. ಆ ವರ್ಗೀಕರಣವೂ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವೂ ಅಳೆಯುವುದು ತಕ್ಷಣ ಕೊಲ್ಲುವ ಶಕ್ತಿಯನ್ನೇ ಮುಖ್ಯವಾಗಿಟ್ಟುಕೊಂಡು. ಹತ್ತು ಇಪ್ಪತ್ತು ವರ್ಷಗಳ ಸಂಪರ್ಕದಿಂದ ಆಗುವ ಹಾನಿಯನ್ನು ಆ ತ್ರಿಕೋನ ಹೇಳುವುದಿಲ್ಲ. ಅಪಾಯವಿಲ್ಲವೆಂದು ಸಾಬೀತುಪಡಿಸುವ ಹೊಣೆ ತಯಾರಕರ ಮೇಲೆ ಬೀಳುವ ಬದಲು, ಅಪಾಯವಾಗಿದೆಯೆಂದು ಸಾಬೀತುಪಡಿಸುವ ಹೊಣೆ ಹಳ್ಳಿಗರ ಮೇಲೆ ಬಿತ್ತು. ಕೊಕ್ಕಡದ ಕುಟುಂಬಗಳು ಇಂದಿಗೂ ತೆರುತ್ತಿರುವುದು ಆ ತಾರತಮ್ಯದ ಬೆಲೆಯನ್ನು.

ಕಾನೂನಿನ ಆಮೆನಡಿಗೆ

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋಂಕಿದ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತ ಘಟನೆ ದೇಶಕ್ಕೆ ಕೀಟನಾಶಕ ಕಾನೂನಿನ ಅಗತ್ಯವನ್ನು ಮನಗಾಣಿಸಿತು. ಕಾಯ್ದೆ ಬರಲು 10 ವರ್ಷ ಬೇಕಾಯಿತು. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿಯ ಅಧಿಕಾರ ಕೇಂದ್ರದ್ದು. ರಾಜ್ಯ ಸರಕಾರ ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ಒಂದು ಕೀಟನಾಶಕವನ್ನು ತಾತ್ಕಾಲಿಕವಾಗಿ ಮಾತ್ರ ತಡೆಹಿಡಿಯಬಲ್ಲದು, ಮೊದಲಿಗೆ 60 ದಿನ. ಒಂದು ಬೆಳೆಯ ಅವಧಿಗಿಂತಲೂ ಕಡಿಮೆಯಾದ ಈ ಅಧಿಕಾರದಿಂದ ರಾಜ್ಯವೊಂದು ತನ್ನ ರೈತರನ್ನು ಎಷ್ಟರಮಟ್ಟಿಗೆ ಕಾಪಾಡಬಲ್ಲದು? ಕಾಯ್ದೆಯ ಬದಲಿಗೆ ಹೊಸ ಮಸೂದೆ 2008ರಲ್ಲಿ, ಮತ್ತೆ 2020ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಎರಡೂ ಬಾರಿ ಅದು ವರ್ಷಗಟ್ಟಲೆ ಅಂಗೀಕಾರವಿಲ್ಲದೆ ಉಳಿಯಿತು.

ಬೇರೆ ದೇಶಗಳಲ್ಲಿ ನಿಷೇಧಗೊಂಡು ಭಾರತದಲ್ಲಿ ಬಳಕೆಯಲ್ಲಿದ್ದ 66 ಕೀಟನಾಶಕಗಳ ಮರುಪರಿಶೀಲನೆಗೆ 2013ರಲ್ಲಿ ಅನುಪಮ್ ವರ್ಮಾ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅದರ ಶಿಫಾರಸಿನ ಮೇರೆಗೆ 2018ರಲ್ಲಿ 18 ಕೀಟನಾಶಕಗಳ ನಿಷೇಧ ಪ್ರಕಟವಾಯಿತು. ಅವುಗಳಲ್ಲಿ ರಾಜ್ಯದ ರೈತರಿಗೆ ಚಿರಪರಿಚಿತವಾದ ಫೋರೇಟ್, ಅಂದರೆ ‘ತಿಮೆಟ್’, ಹಾಗೂ ಡೈಕ್ಲೋರ್‌ವಾಸ್, ಅಂದರೆ ‘ನುವಾನ್’ ಸೇರಿದ್ದವು. ಇವುಗಳಿಗೆ 2020ರ ಅಂತ್ಯದವರೆಗೆ ಕಾಲಾವಕಾಶ ನೀಡಲಾಯಿತು. 2020ರ ಮೇ ತಿಂಗಳಲ್ಲಿ ಇನ್ನೂ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಬಿತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಪಟ್ಟಿ ಕರಗಿಹೋಗಿತ್ತು. ಡೈಕೋಫಾಲ್, ಡೈನೊಕ್ಯಾಪ್, ಮೆಥೊಮಿಲ್‌ಗಳಿಗೆ ನಿಷೇಧ, ಮೊನೊಕ್ರೊಟೊಫಾಸ್‌ನ ಶೇ. 36ರ ದ್ರಾವಣಕ್ಕೂ ನಿಷೇಧ, ಆದರೆ ಇದ್ದ ದಾಸ್ತಾನು ಮುಗಿಸಿಕೊಳ್ಳಲು ಅವಕಾಶ. ಉಳಿದ ಕೆಲವಕ್ಕೆ ಬೆಳೆವಾರು ನಿರ್ಬಂಧಗಳಷ್ಟೇ.

ಮೊನೊಕ್ರೊಟೊಫಾಸ್‌ನ ಇತಿಹಾಸವೇ ಬೆಳೆವಾರು ನಿರ್ಬಂಧದ ನಿರರ್ಥಕತೆಗೆ ಸಾಕ್ಷಿ. ತರಕಾರಿ ಬೆಳೆಗಳಿಗೆ ಅದನ್ನು ಬಳಸಬಾರದೆಂದು 2005ರಲ್ಲೇ ಆದೇಶವಾಗಿತ್ತು. ಆದರೆ ಹತ್ತಿಗೆಂದು ಅಂಗಡಿಯಲ್ಲಿ ಸಿಗುವ ಬಾಟಲಿ ಬದನೆಗಿಡಕ್ಕೆ ಹೋಗುವುದನ್ನು ತಡೆಯುವವರು ಯಾರು? ಬಿಹಾರ, ಯವತ್ಮಾಳ, ಸುಳ್ವಾಡಿ ಮೂರೂ ದುರಂತಗಳಲ್ಲಿ ಈ ಹೆಸರು ಕೇಳಿಬಂದದ್ದು ಆ ಆದೇಶದ ನಂತರವೇ.

ಶ್ರೀಲಂಕಾದ ಪಾಠ

ಮಾರಕ ವಿಷಗಳನ್ನು ತೆಗೆದರೆ ಬೆಳೆ ನಾಶವಾಗುತ್ತದೆ, ರೈತ ನಷ್ಟಕ್ಕೀಡಾಗುತ್ತಾನೆ ಎಂಬುದು ನಿಷೇಧವನ್ನು ವಿರೋಧಿಸುವವರ ಮುಖ್ಯ ವಾದ. ಸಾಲ ಮಾಡಿ ಬಿತ್ತಿದವನಿಗೆ ಕೀಟಬಾಧೆಯ ಭಯ ಕಲ್ಪಿತವಲ್ಲ. ಆದ್ದರಿಂದ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ನೆರೆಯ ಶ್ರೀಲಂಕಾದ ಅನುಭವ ಅದಕ್ಕೆ ಉತ್ತರ ನೀಡುತ್ತದೆ.

1995ರಲ್ಲಿ ಶ್ರೀಲಂಕಾದಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಸುಮಾರು 47 ಆತ್ಮಹತ್ಯೆಗಳು ಸಂಭವಿಸುತ್ತಿದ್ದವು. ಅವುಗಳಲ್ಲಿ ದೊಡ್ಡ ಪಾಲು ಕೀಟನಾಶಕದಿಂದ. ಆ ವರ್ಷ ಅಲ್ಲಿನ ಸರಕಾರ ಮೊನೊಕ್ರೊಟೊಫಾಸ್ ಸೇರಿದಂತೆ ಅತಿ ವಿಷಕಾರಿ ದರ್ಜೆಯ ಉಳಿದ ಕೀಟನಾಶಕಗಳನ್ನು ಕೈಬಿಟ್ಟಿತು; 1998ರಲ್ಲಿ ಎಂಡೋಸಲ್ಫಾನ್ ಹೋಯಿತು; 2008ರ ನಂತರದ ವರ್ಷಗಳಲ್ಲಿ ಪ್ಯಾರಾಕ್ವಾಟ್, ಡೈಮಿಥೋಯೇಟ್, ಫೆಂಥಿಯಾನ್ ಹಿಂಬಾಲಿಸಿದವು. 2005ರ ವೇಳೆಗೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು. 20 ವರ್ಷಗಳಲ್ಲಿ ಉಳಿದ ಜೀವಗಳು ಸುಮಾರು 93 ಸಾವಿರ ಎಂಬುದು ಸಂಶೋಧಕರ ಅಂದಾಜು. ಕ್ಷಣಿಕ ಆವೇಗದಲ್ಲಿ ವಿಷಕ್ಕೆ ಕೈಚಾಚಿದವರು ಬದುಕುಳಿದರೆ ಅವರಲ್ಲಿ ಹೆಚ್ಚಿನವರು ಮತ್ತೆ ಆ ದಾರಿ ಹಿಡಿಯುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಎಟಕಿದ ವಸ್ತು ಎಷ್ಟು ಮಾರಕ ಎಂಬುದೇ ನಿರ್ಣಾಯಕ. ಈ ನಿಷೇಧಗಳಿಂದ ಭತ್ತದ ಇಳುವರಿ ಕುಸಿಯಲಿಲ್ಲ. ಕಡಿಮೆ ಅಪಾಯದ ಬದಲಿಗಳು ಆ ಸ್ಥಾನ ತುಂಬಿದವು.

ಇದೇ ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ಏಕಾಏಕಿ ನಿಲ್ಲಿಸಿ ಕೃಷಿಯನ್ನು ಸಂಕಟಕ್ಕೆ ದೂಡಿ, ಅದೇ ವರ್ಷದ ಕೊನೆಯಲ್ಲಿ ಆದೇಶ ಹಿಂತೆಗೆದುಕೊಂಡಿತು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮೊದಲನೆಯದು ಕೊಲ್ಲುವ ಕೆಲವನ್ನು ಆರಿಸಿ, ಬದಲಿ ನೋಡಿಕೊಂಡು, ಹಂತಹಂತವಾಗಿ ತೆಗೆದ ಕ್ರಮ. ಎರಡನೆಯದು ಸಿದ್ಧತೆಯಿಲ್ಲದೆ ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸಿದ ಕ್ರಮ. ಭಾರತಕ್ಕೆ ಬೇಕಾಗಿರುವುದು ಮೊದಲನೆಯದು.

ರಾಜ್ಯದ ಕೈಯಲ್ಲಿರುವುದು

ನಿಷೇಧದ ಅಂತಿಮ ಅಧಿಕಾರ ಕೇಂದ್ರದ್ದಾದರೂ ರಾಜ್ಯ ಕೈಕಟ್ಟಿ ಕೂರಬೇಕಾಗಿಲ್ಲ. ಕೀಟನಾಶಕ ಕಾಯ್ದೆಯ 26ನೇ ಕಲಂ ಪ್ರಕಾರ ಕೀಟನಾಶಕದಿಂದಾದ ವಿಷಬಾಧೆಯ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡುವಂತೆ ರಾಜ್ಯ ಸರಕಾರ ಕಡ್ಡಾಯಗೊಳಿಸಬಹುದು. ಯಾವ ತಾಲ್ಲೂಕಿನಲ್ಲಿ, ಯಾವ ಬೆಳೆಯಲ್ಲಿ, ಯಾವ ರಾಸಾಯನಿಕದಿಂದ ಎಷ್ಟು ಮಂದಿ ಆಸ್ಪತ್ರೆ ಸೇರಿದರು ಎಂಬ ನಂಬಲರ್ಹ ಲೆಕ್ಕ ಸಿದ್ಧವಾದರೆ ನಿಷೇಧದ ಬೇಡಿಕೆಗೆ ಬಲ ಬರುತ್ತದೆ. ಲೆಕ್ಕವಿಲ್ಲದ ಕಡೆ ಸಾವುಗಳು ಆಕಸ್ಮಿಕಗಳೆಂದೇ ಉಳಿಯುತ್ತವೆ.

ಕೀಟನಾಶಕ ನಿಯಮಗಳ ಅನ್ವಯ, ಇದೇ ವಿಷವನ್ನು ತಯಾರಿಸುವ ಕಾರ್ಖಾನೆಯ ಕಾರ್ಮಿಕನಿಗೆ ನಿಯತಕಾಲಿಕ ವೈದ್ಯಕೀಯ ತಪಾಸಣೆ ಕಡ್ಡಾಯ. ಅವನ ರಕ್ತದಲ್ಲಿನ ಕೋಲಿನೆಸ್ಟರೇಸ್ ಮಟ್ಟವನ್ನು ಅಳೆಯಬೇಕು. ತನ್ನದೇ ಹೊಲದಲ್ಲಿ ಅದನ್ನು ಹೊಡೆಯುವ ರೈತನ ರಕ್ತವನ್ನು ಅಳೆಯುವವರಿಲ್ಲ. ಹತ್ತಿ, ಮೆಣಸಿನಕಾಯಿ, ದ್ರಾಕ್ಷಿ, ದಾಳಿಂಬೆ, ತರಕಾರಿ ಬೆಳೆಯುವ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಸಿಂಪಡಣೆಯ ಹಂಗಾಮಿಗೆ ಮುನ್ನ ಮತ್ತು ನಂತರ ಈ ಪರೀಕ್ಷೆ ನಡೆಸುವುದು ಅಸಾಧ್ಯವೇನಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಟ್ರೋಪಿನ್ ಚುಚ್ಚುಮದ್ದು ಸದಾ ದಾಸ್ತಾನಿರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಕೃತಕ ಉಸಿರಾಟದ ವ್ಯವಸ್ಥೆ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಸಿಂಪಡಣೆಯ ಸಲಹೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನಿಂದಲ್ಲ, ರೈತ ಸಂಪರ್ಕ ಕೇಂದ್ರದಿಂದ ಬರಬೇಕು. ಆ ಸಲಹೆ ತಲುಪಬೇಕಾದವರಲ್ಲಿ ಬಟ್ಟೆ ಒಗೆಯುವವರೂ ಕಳೆ ಕೀಳುವವರೂ ಸೇರಬೇಕು.

ಪರ್ಯಾಯ ಮಾರ್ಗಗಳು ಕನಸಿನ ಮಾತಲ್ಲ. ಒಂದು ಕಾಲದಲ್ಲಿ ಹತ್ತಿಗೆ ಕೀಟನಾಶಕ ಸುರಿದು ಸಾಲದಲ್ಲಿ ಮುಳುಗಿದ್ದ ತೆಲಂಗಾಣದ ಪುನುಕುಲ ಗ್ರಾಮ, ಬೇವಿನ ಕಷಾಯ, ಮೋಹಕ ಬಲೆ, ಮಿಶ್ರಬೆಳೆಗಳ ನೆರವಿನಿಂದ 2004ರ ಸುಮಾರಿಗೆ ಕೀಟನಾಶಕಮುಕ್ತವೆಂದು ಘೋಷಿಸಿಕೊಂಡಿತು. ಆದರೆ ಇಂತಹ ಬದಲಾವಣೆಗೆ ಸಮಯ ಬೇಕು, ಮಾರ್ಗದರ್ಶನ ಬೇಕು, ಮೊದಲ ಒಂದೆರಡು ವರ್ಷಗಳ ನಷ್ಟ ತಾಳಿಕೊಳ್ಳುವ ಆಸರೆ ಬೇಕು. ಅದನ್ನು ಒಬ್ಬೊಬ್ಬ ರೈತನ ಸಾಹಸಕ್ಕೆ ಬಿಡಲಾಗದು.

ಕೈಗವಸು ತೊಡಿ ಎಂಬ ಸಲಹೆ ಮುಂದುವರಿಯಲಿ. ಆದರೆ ಅದರೊಂದಿಗೆ, ಕೈಗವಸಿಲ್ಲದೆ ಮುಟ್ಟಲಾಗದ ವಿಷ ರೈತನ ಮನೆಯ ಅಟ್ಟದ ಮೇಲೆ ಏಕಿದೆ ಎಂಬ ಪ್ರಶ್ನೆಗೂ ಸರಕಾರ ಉತ್ತರಿಸಬೇಕು. ಆ ಉತ್ತರ ತಡವಾದಷ್ಟೂ ಅದರ ಬೆಲೆ ತೆರುವವರು ಹೊಲದಲ್ಲಿ ದುಡಿಯುವವರು, ಅವರ ಬಟ್ಟೆ ಒಗೆಯುವವರು ಮತ್ತು ಆ ಮನೆಗಳಲ್ಲಿ ಹುಟ್ಟುವ ಮಕ್ಕಳು.